ತ್ಸಲ್ಮಾವೆತ್: ಸಾವಿನ ನೆರಳೋ, ಕಾರ್ಗತ್ತಲೋ?

ಹೀಬ್ರೂ ಭಾಷೆಯಲ್ಲಿ ನೆರಳಿಗೆ 'ತ್ಸೇಲ್' ಎನ್ನುತ್ತಾರೆ. ಸಾವಿಗೆ 'ಮಾವೆತ್'. ಬೈಬಲಿನ 23ನೇ ಕೀರ್ತನೆಯಲ್ಲಿ ಬರುವ 'ತ್ಸಲ್ಮಾವೆತ್' ಈ ಎರಡೂ ಸೇರಿ ಆದ ಪದವೇ? ಅಥವಾ ಗಾಢ ಕತ್ತಲೆ ಎಂಬ ಅರ್ಥದ ಬೇರೆಯದೇ ಪದವೇ? ಕನ್ನಡ ಬೈಬಲುಗಳಲ್ಲೇ ಎರಡು ದಾರಿಗಳಿವೆ. ಒಂದು ಕಡೆ 'ಕಾರ್ಗತ್ತಲಿನ ಕಣಿವೆ' ಎಂದಿದೆ, ಇನ್ನೊಂದು ಕಡೆ 'ಮರಣದ ನೆರಳಿನ ಕಣಿವೆ'. 'ಸಾವಿನ ನೆರಳು ಎಂದೇ ಓದಬೇಕು' ಎಂಬ ಮಾತಿಗೆ ಒಬ್ಬರು ಪರವಾಗಿ, ಒಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಸಾವಿನ ಹೆಸರನ್ನು ಅಳಿಸಬೇಡಿ

ಅವ್ವ ತೀರಿಕೊಂಡಿದ್ದು ಹುಬ್ಬಳ್ಳಿಯಲ್ಲಿ, ಮಳೆಗಾಲದ ಒಂದು ಗುರುವಾರ, ಬೆಳಗಿನ ಜಾವ. ಅದಕ್ಕೆ ಮೊದಲು ಒಂಬತ್ತು ರಾತ್ರಿ ನಾನು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಅಷ್ಟು ದಿನವೂ ಯಾರೂ ಬಾಯಿಬಿಟ್ಟು ಹೇಳದ ಒಂದು ಪದ ಇತ್ತು. ಡಾಕ್ಟರು "ನೋಡೋಣ" ಅಂದರು. ನರ್ಸ್ "ಧೈರ್ಯವಾಗಿರಿ" ಅಂದರು. ಚಿಕ್ಕಪ್ಪ ಬಂದು "ಐತವಾರ ಮನೀಗೆ ಹೋಗೂಣು ವೈನಿ" ಅಂದ. ಅವ್ವ ಎಲ್ಲರಿಗೂ ತಲೆ ಆಡಿಸಿದಳು. ಅವಳಿಗೆ ಎಲ್ಲಾ ಗೊತ್ತಿತ್ತು.

ರಾತ್ರಿ ಹತ್ತರ ಮೇಲೆ ವಾರ್ಡು ಸ್ವಲ್ಪ ತಣ್ಣಗಾಗುತ್ತಿತ್ತು. ಆಗ ನಾನು ಬೈಬಲ್ ಓದುತ್ತಿದ್ದೆ. ನಮ್ಮ ಮನೆಯ ಹಳೇ ಪುಸ್ತಕ, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದು. 23ನೇ ಕೀರ್ತನೆ ನಮಗೆಲ್ಲ ಬಾಯಿಪಾಠ. ಆದರೂ ನೋಡಿಕೊಂಡೇ ಓದುತ್ತಿದ್ದೆ, ಅಳು ಬಂದರೆ ಸಾಲು ತಪ್ಪಬಾರದು ಅಂತ. 'ಕಾರ್ಗತ್ತಲಿನ ಕಣಿವೆಯಲ್ಲಿ ನಡೆಯುವಾಗಲೂ' ಎಂಬಲ್ಲಿಗೆ ಬಂದಾಗ ಅವ್ವ ಕೈ ಎತ್ತಿ ನಿಲ್ಲಿಸಿದಳು.

"ಹಂಗ ಓದಬ್ಯಾಡ. ಇಂಗ್ಲಿಷ್‌ನ್ಯಾಗ ಸಾವಿನ ನೆರಳು ಅಂತ ಐತಿ. ಹಂಗ ಓದು."

ಅವ್ವ ಮೂವತ್ತೊಂದು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. 1611ರ ಇಂಗ್ಲಿಷ್ ಬೈಬಲಿನ ಆ ಸಾಲು ಅವಳಿಗೆ ಚಿಕ್ಕಂದಿನಿಂದ ಗೊತ್ತು. ನಾನು ಹಾಗೇ ಓದಿದೆ. 'ಸಾವಿನ ನೆರಳಿನ ಕಣಿವೆಯಲ್ಲಿ ನಡೆಯುವಾಗಲೂ ಕೇಡಿಗೆ ಹೆದರೆನು.' ಆ ಕೋಣೆಯೊಳಗೆ 'ಸಾವು' ಎಂಬ ಪದ ಬಂದಿದ್ದು ಅದೇ ಮೊದಲು. ಅವ್ವ ನನ್ನ ಕೈ ಹಿಡಿದುಕೊಂಡಳು. ಆಮೇಲೆ ನಾವಿಬ್ಬರೂ ಮಾತಾಡಿದೆವು. ಯಾವ ಸೀರೆ ಉಡಿಸಬೇಕು, ಯಾವ ಹಾಡು ಹಾಡಬೇಕು, ಪಾಸ್‌ಬುಕ್ ಎಲ್ಲಿದೆ, ನಾನು ತಮ್ಮನ ಜೊತೆಗಿನ ಜಗಳ ಯಾಕೆ ಮುಗಿಸಬೇಕು. ಒಂದು ಪದ ಹೊರಗೆ ಬಂದಿದ್ದಕ್ಕೆ ಇಷ್ಟೆಲ್ಲ ಮಾತು ಹೊರಗೆ ಬಂತು.

ಅವ್ವ ಹೋದ ಮೇಲೆ ಆ ಸಾಲು ನನ್ನನ್ನು ಬಿಡಲಿಲ್ಲ. ನಮ್ಮ ಪುಸ್ತಕದಲ್ಲಿ ಸಾವು ಯಾಕೆ ಇಲ್ಲ? ಮೂಲದಲ್ಲೇ ಇಲ್ಲವೋ, ನಾವು ತೆಗೆದೆವೋ? ನಲವತ್ತಾರನೇ ವಯಸ್ಸಿನಲ್ಲಿ ನಾನು ಹೀಬ್ರೂ ಅಕ್ಷರ ಕಲಿಯಲು ಕೂತೆ. ಸಭಾಪಾಲಕರೊಬ್ಬರು ಶನಿವಾರ ಸಂಜೆ ಹೇಳಿಕೊಟ್ಟರು. ಬಲದಿಂದ ಎಡಕ್ಕೆ ಓದುವುದು ರೂಢಿಯಾಗಲು ಎರಡು ತಿಂಗಳು ಹಿಡಿಯಿತು. ರೂಢಿಯಾದ ಮೇಲೆ ಮೊದಲು ಹುಡುಕಿದ್ದು ಇದೇ ಸಾಲನ್ನು.

ಗೇ ತ್ಸಲ್ಮಾವೆತ್. 'ಗೇ' ಅಂದರೆ ಕಮರಿ, ಕಣಿವೆ. ಮುಂದಿನ ಪದವನ್ನು ಗಟ್ಟಿಯಾಗಿ ಹೇಳಿ ನೋಡಿ. ಮಾವೆತ್ ಕೇಳಿಸುತ್ತದೆ ಅಲ್ವಾ? ಸಾವು ಅಲ್ಲೇ ಇದೆ. ಹೀಬ್ರೂ ಮನೆಮಾತಾಗಿರುವ ಯಾರ ಕಿವಿಗೂ ಅದು ಕೇಳಿಸದೆ ಇರುವುದಿಲ್ಲ. ಅವ್ವ ಹೇಳಿದ್ದು ಸರಿ ಇತ್ತು.

ಇದು ನನ್ನೊಬ್ಬಳ ಕಿವಿಯ ಮಾತಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಯೆಹೂದ್ಯರು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತರಲು ಶುರು ಮಾಡಿದರು. ಮುಂದೆ ಕೀರ್ತನೆಗಳೂ ಗ್ರೀಕಿಗೆ ಬಂದವು. ಅಲ್ಲಿ ಈ ಪದಕ್ಕೆ 'ಸ್ಕಿಯಾ ಥನಾತು' ಎಂದಿದೆ. ಸಾವಿನ ನೆರಳು. ಹಾಗೆ ಬರೆದವರು ಹೊರಗಿನವರಲ್ಲ, ಇದೇ ಗ್ರಂಥವನ್ನು ಪ್ರಾರ್ಥನೆಯಲ್ಲಿ ಹಾಡಿದವರು. ಹೊಸ ಒಡಂಬಡಿಕೆಯ ಮತ್ತಾಯ 4ನೇ ಅಧ್ಯಾಯದಲ್ಲಿ ಪ್ರವಾದಿ ಯೆಶಾಯನ ಮಾತು ಬರುವಾಗ ಇದೇ ಗ್ರೀಕ್ ಪದ ಇದೆ. ಲೂಕ 1ನೇ ಅಧ್ಯಾಯದಲ್ಲಿ ಜಕರೀಯನ ಹಾಡಿನಲ್ಲೂ ಇದೆ. ಲ್ಯಾಟಿನ್ ಬೈಬಲಿನಲ್ಲಿ 'ಉಂಬ್ರಾ ಮೊರ್ತಿಸ್', ಅದೂ ಸಾವಿನ ನೆರಳೇ. ಎರಡು ಸಾವಿರ ವರ್ಷ ಜನ ಹೀಗೇ ಓದಿದ್ದಾರೆ, ಹೀಗೇ ಹಾಡಿದ್ದಾರೆ, ಸಾಯುವವರ ತಲೆದೆಸೆಯಲ್ಲಿ ಕೂತು ಹೀಗೇ ಹೇಳಿದ್ದಾರೆ.

ಇನ್ನು ಯೋಬನ ಪುಸ್ತಕ, ಕಷ್ಟಗಳಲ್ಲಿ ನೊಂದು ದೇವರನ್ನೇ ಪ್ರಶ್ನಿಸಿದವನ ಕಥೆ. 38ನೇ ಅಧ್ಯಾಯದ 17ನೇ ವಚನದಲ್ಲಿ ದೇವರು ಯೋಬನನ್ನು ಕೇಳುತ್ತಾನೆ. ಸಾವಿನ ಬಾಗಿಲುಗಳು ನಿನಗೆ ತೆರೆದಿವೆಯೇ? ತ್ಸಲ್ಮಾವೆತ್‌ನ ಬಾಗಿಲುಗಳನ್ನು ಕಂಡಿದ್ದೀಯಾ? ಹೀಬ್ರೂ ಕವಿತೆಯಲ್ಲಿ ಒಂದೇ ಮಾತನ್ನು ಎರಡು ಸಲ, ಎರಡು ಬಗೆಯಲ್ಲಿ ಹೇಳುವುದು ರೂಢಿ. ಮೊದಲ ಸಾಲಿನಲ್ಲಿ ಮಾವೆತ್, ಎರಡನೆಯದರಲ್ಲಿ ತ್ಸಲ್ಮಾವೆತ್. ಬಾಗಿಲಿನ ಪಕ್ಕ ಬಾಗಿಲು, ಸಾವಿನ ಪಕ್ಕ ಸಾವು. ಇದಕ್ಕಿಂತ ಜಾಸ್ತಿ ಏನು ಬೇಕು? 10ನೇ ಅಧ್ಯಾಯದಲ್ಲಿ ಯೋಬ ತಾನು ಹೋಗಿ ತಿರುಗಿ ಬಾರದ ದೇಶದ ಬಗ್ಗೆ ಹೇಳುವಾಗಲೂ ಇದೇ ಪದ ಬಳಸುತ್ತಾನೆ. ತಿರುಗಿ ಬಾರದ ದೇಶ ಯಾವುದು?

ನನಗೆ ಬಹಳ ಮುಖ್ಯ ಅನ್ನಿಸಿದ್ದು ತ್ಸೇಲ್ ಎಂಬ ಪದದ ಬಳಕೆ. ಅದನ್ನು ಒಂದೊಂದೇ ಕಡೆ ಹುಡುಕಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದಿಕಾಂಡ 19ರಲ್ಲಿ ಲೋಟನು ತನ್ನ ಮನೆಗೆ ಬಂದ ಅತಿಥಿಗಳನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಅವರು ನನ್ನ ತೊಲೆಯ ನೆರಳಿಗೆ ಬಂದವರು ಎನ್ನುತ್ತಾನೆ. ತೊಲೆ ಅಂದರೆ ಚಾವಣಿಯ ತೊಲೆ. ನನ್ನ ಸೂರಿನ ಕೆಳಗಿದ್ದಾರೆ, ಅವರ ಹೊಣೆ ನನ್ನದು ಅಂತ. ಅರಣ್ಯಕಾಂಡ 14ರಲ್ಲಿ ಯೆಹೋಶುವ ಮತ್ತು ಕಾಲೇಬ ಜನರಿಗೆ ಧೈರ್ಯ ಹೇಳುತ್ತಾರೆ. ಕಾನಾನಿನವರ ನೆರಳು ಅವರನ್ನು ಬಿಟ್ಟು ಹೋಗಿದೆ, ಅಂದರೆ ಅವರನ್ನು ಕಾಯುವವರು ಇನ್ನಿಲ್ಲ. ಯೆಶಾಯ 30ರಲ್ಲಿ ಈಜಿಪ್ಟಿನ ನೆರಳಿಗೆ ಓಡುವವರನ್ನು ಪ್ರವಾದಿ ಬೈಯುತ್ತಾನೆ. 17ನೇ ಕೀರ್ತನೆಯಲ್ಲಿ ದೇವರ ರೆಕ್ಕೆಗಳ ನೆರಳು, 91ರಲ್ಲಿ ಸರ್ವಶಕ್ತನ ನೆರಳು. ದೇವದರ್ಶನದ ಗುಡಾರವನ್ನು ಕಟ್ಟಿದ ಕುಶಲಕರ್ಮಿಯ ಹೆಸರು ಬೆತ್ಸಲೇಲ್, ಅಂದರೆ 'ದೇವರ ನೆರಳಿನಲ್ಲಿ'. 1906ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ಕಲಾಶಾಲೆಗೂ ಅದೇ ಹೆಸರು ಇಟ್ಟರು.

ಹಾಗಾಗಿ ಹೀಬ್ರೂ ಭಾಷೆಯಲ್ಲಿ ನೆರಳು ಬರೀ ಕಪ್ಪು ಗುರುತಲ್ಲ. ಯಾರ ನೆರಳಿನಲ್ಲಿ ಇದ್ದೀಯ ಅಂದರೆ ಯಾರ ಕೈಕೆಳಗೆ ಇದ್ದೀಯ, ಯಾರ ವಶದಲ್ಲಿ ಇದ್ದೀಯ ಎಂದು. ನಮ್ಮಲ್ಲೂ 'ಅವರ ನೆರಳಲ್ಲಿ ಬೆಳೆದವನು' ಅನ್ನುವುದಿಲ್ಲವೇ? ಈಗಿನ ಹೀಬ್ರೂ ಮಾತಿನಲ್ಲೂ ಈ ಬಳಕೆ ಇದೆ. 'ಬೆತ್ಸೇಲ್ ಹಮಿಲ್ಹಮಾ' ಅಂದರೆ ಯುದ್ಧದ ನೆರಳಿನಲ್ಲಿ. ಈ ಅರ್ಥ ಇಟ್ಟುಕೊಂಡು ಕೀರ್ತನೆಗೆ ಮರಳಿ. ಸಾವಿನ ನೆರಳು ಅಂದರೆ ಸಾವು ತನ್ನ ಸೂರನ್ನು ಚಾಚಿರುವ ಜಾಗ, ಸಾವಿನ ಮಾತು ನಡೆಯುವ ಜಾಗ. ಅಂಥ ಜಾಗದಲ್ಲಿ ನಡೆಯುವಾಗಲೂ 'ನೀನು ಹತ್ತಿರ ಇದ್ದೀಯ' ಎನ್ನುತ್ತಾನೆ ಈ ಕೀರ್ತನೆಯ ಕವಿ ದಾವೀದ. ಒಂದು ನೆರಳಿನಿಂದ ಇನ್ನೊಂದು ನೆರಳಿಗೆ. ಈ ಎರಡು ಒಡೆಯರ ನಡುವಿನ ಜಗ್ಗಾಟ 'ಕಾರ್ಗತ್ತಲು' ಎಂಬ ಪದದಲ್ಲಿ ಇಲ್ಲ. ಕತ್ತಲೆಗೆ ಒಡೆಯ ಇಲ್ಲ. ಟಾರ್ಚ್ ಹಾಕಿದರೆ ಹೋಗುತ್ತದೆ.

ನಿಘಂಟು ಹಿಡಿದವರು ಬೇರೆ ಮಾತು ಹೇಳುತ್ತಾರೆ, ಗೊತ್ತು. ಸ್ವರ ಬದಲಿಸಿ, ಪಕ್ಕದ ಭಾಷೆಯಿಂದ ಬೇರು ತಂದು ಜೋಡಿಸಿ, 'ನೋಡಿ, ಸಾವು ಮಾಯ' ಎನ್ನುತ್ತಾರೆ. ಹೀಗೆ ಸ್ವರ ಬದಲಿಸುತ್ತಾ ಹೋದರೆ ಯಾವ ಪದವನ್ನಾದರೂ ಏನು ಬೇಕಾದರೂ ಮಾಡಬಹುದು. ಆಮೋಸನ ಪುಸ್ತಕದ ಒಂದು ಸಾಲನ್ನು ಹಿಡಿದುಕೊಂಡು ವಾದ ಮಾಡುವವರನ್ನೂ ಕೇಳಿದ್ದೇನೆ. ಒಂದು ಸಾಲಿಗೆ ಇಡೀ ಪರಂಪರೆಯನ್ನು ಬಿಡಬೇಕೇ? ಅವರು ಪದವನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡುತ್ತಾರೆ. ನಾನು ಅದನ್ನು ಹಾಸಿಗೆಯ ಪಕ್ಕದಲ್ಲಿ ಕೇಳಿದ್ದೇನೆ.

ಹೀಬ್ರೂ ಆಡುವವರೇ ಈ ಪದವನ್ನು ಇವತ್ತು ಹೇಗೆ ಬಳಸುತ್ತಾರೆ? ಯುರೋಪಿನ ಯೆಹೂದ್ಯರನ್ನು ಕೊಂದ ಶಿಬಿರಗಳ ಬಗ್ಗೆ ಬರೆಯುವಾಗ 'ಗೇ ತ್ಸಲ್ಮಾವೆತ್' ಎನ್ನುತ್ತಾರೆ. ಆ ಜಾಗದ ಬಗ್ಗೆ ಹೇಳುವಾಗ ಯಾರ ಮನಸ್ಸಿನಲ್ಲೂ ಬರೀ ಕತ್ತಲೆ ಇರುವುದಿಲ್ಲ. ಅಲ್ಲಿ ಮಾವೆತ್ ಎಂಬ ಅರ್ಧಭಾಗವೇ ಪದದ ಜೀವ. ಬೇರು ಎಲ್ಲಿಂದಲಾದರೂ ಬರಲಿ, ಜನ ಅದರಲ್ಲಿ ಸಾವನ್ನೇ ಕೇಳಿಸಿಕೊಂಡಿದ್ದಾರೆ.

ಬಳ್ಳಾರಿಯಲ್ಲಿ ಕೂತು 19ನೇ ಶತಮಾನದ ಮೊದಲ ಭಾಗದಲ್ಲಿ ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಅವರಿಂದ ಹಿಡಿದು ಎಷ್ಟೋ ಜನ ಈ ಕೆಲಸಕ್ಕೆ ಜೀವ ತೇದಿದ್ದಾರೆ. ಅವರೆಲ್ಲರ ಮೇಲೆ ನನಗೆ ಗೌರವ ಇದೆ. 'ಕಾರ್ಗತ್ತಲು' ಸುಂದರ ಪದ. ಆದರೆ ಸುಂದರ ಪದ ಸಾಕಾಗದ ಜಾಗ ಒಂದಿದೆ, ಅಲ್ಲಿ ನಾನು ಒಂಬತ್ತು ರಾತ್ರಿ ಇದ್ದೆ.

ಅವ್ವನ ಸಮಾಧಿಗೆ ಕಲ್ಲು ಮಾಡಿಸುವಾಗ ತಮ್ಮನೂ ನಾನೂ ಒಟ್ಟಿಗೇ ಹೋದೆವು. ಸಾಲನ್ನು ಕಾಗದದ ಮೇಲೆ ಬರೆದು ಕೊಟ್ಟೆ. ಕೆತ್ತುವವನೂ ನಮ್ಮ ಸಭೆಯವನೇ. ಎರಡು ಸಲ ಓದಿ, "ಅಕ್ಕಾರ, ಪುಸ್ತಕದಾಗ ಹಿಂಗಿಲ್ಲಲ್ರೀ" ಅಂದ. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ: "ಅವ್ವ ಹಿಂಗ ಓದಿಸ್ಯಾಳ. ಹಿಂಗ ಕೆತ್ತು."

ವಿರೋಧ: ಪದದ ಬೇರು ಕತ್ತಲೆಯಲ್ಲಿದೆ

ಈ ಬದಿಯಿಂದ ಬರೆಯಲು ಕೇಳಿದಾಗ ಸ್ವಲ್ಪ ಹಿಂಜರಿದೆ. ಪದ ಹುಟ್ಟಿದ ಬಗೆಯ ಮಟ್ಟಿಗೆ ನಾನು ಈ ಬದಿಯನ್ನು ಪೂರ್ತಿ ಒಪ್ಪುತ್ತೇನೆ. ಪದ ಆಮೇಲೆ ಬೆಳೆದ ಬಗೆಯ ಮಟ್ಟಿಗೆ ಅರ್ಧ ಮಾತ್ರ. ಆದರೆ ನಾನು ಭಾಷೆ ಪಾಠ ಮಾಡುವವನು. ಹುಟ್ಟಿನ ವಿಷಯವನ್ನು ಯಾರಾದರೂ ಸರಿಯಾಗಿ ಹೇಳಲೇಬೇಕು.

ಮೊದಲು ಲೆಕ್ಕ. ಹೀಬ್ರೂ ಬೈಬಲಿನಲ್ಲಿ ತ್ಸಲ್ಮಾವೆತ್ 18 ಸಲ ಬರುತ್ತದೆ. ಅದರಲ್ಲಿ 10 ಸಲ ಯೋಬನಲ್ಲಿ, 4 ಸಲ ಕೀರ್ತನೆಗಳಲ್ಲಿ, 2 ಸಲ ಯೆರೆಮೀಯನಲ್ಲಿ, ಯೆಶಾಯ ಮತ್ತು ಆಮೋಸರಲ್ಲಿ ಒಂದೊಂದು ಸಲ. ಒಂದು ಪದದ ಅರ್ಥ ಬೇಕಾದರೆ ಅದು ಯಾವ ಪದಗಳ ಜೊತೆ ಓಡಾಡುತ್ತದೆ ಎಂದು ನೋಡಬೇಕು. ಆಮೋಸ 5:8ರಲ್ಲಿ ಕೃತ್ತಿಕೆಯನ್ನೂ ಮೃಗಶಿರವನ್ನೂ ಮಾಡಿದ ದೇವರು ತ್ಸಲ್ಮಾವೆತ್ ಅನ್ನು ಬೆಳಗಾಗಿ ತಿರುಗಿಸುತ್ತಾನೆ, ಹಗಲನ್ನು ಇರುಳಾಗಿ ಕಪ್ಪಾಗಿಸುತ್ತಾನೆ. ಯೋಬ 28:3ರಲ್ಲಿ ಗಣಿಯಲ್ಲಿ ಅದಿರು ಹುಡುಕುವವರು ತ್ಸಲ್ಮಾವೆತ್‌ನಲ್ಲಿ ಕಲ್ಲು ಅಗೆಯುತ್ತಾರೆ. ಯೋಬ 24:17ರಲ್ಲಿ ಕಳ್ಳತನಕ್ಕೆ ಹೊರಡುವವರಿಗೆ ಬೆಳಗೇ ತ್ಸಲ್ಮಾವೆತ್ ಇದ್ದ ಹಾಗೆ. ಯೋಬ 34:22ರಲ್ಲಿ ಕೇಡಿಗರು ಅಡಗಿಕೊಳ್ಳಲು ಕತ್ತಲೆಯೂ ಇಲ್ಲ, ತ್ಸಲ್ಮಾವೆತ್ ಕೂಡ ಇಲ್ಲ. ಯೆರೆಮೀಯ 13:16ರಲ್ಲಿ ಜನ ಬೆಳಕಿಗೆ ಕಾಯುತ್ತಾರೆ, ದೇವರು ಅದನ್ನು ತ್ಸಲ್ಮಾವೆತ್ ಮಾಡುತ್ತಾನೆ.

ಇಲ್ಲೆಲ್ಲ ಎದುರಿಗೆ ಇರುವುದು ಬೆಳಗು, ಬೆಳಕು. ಗಣಿಯೊಳಗೆ ಏನಿರುತ್ತದೆ? ಕತ್ತಲೆ. ಕಳ್ಳ ಎಲ್ಲಿ ಅಡಗುತ್ತಾನೆ? ಕತ್ತಲೆಯಲ್ಲಿ. ಇದು ಒಂದು ಸಾಲಿನ ಮಾತಲ್ಲ, ಸಾಲು ಸಾಲಾಗಿ ಇದೆ. ಯೋಬನಲ್ಲಿ ಒಂದು ಕಡೆ ಸಾವಿನ ಬಾಗಿಲಿನ ಪಕ್ಕ ಬಂದಿರುವುದು ನಿಜ. ಆದರೆ ಆ ಕಾಲದವರು ಪಾತಾಳವನ್ನೂ ಕತ್ತಲೆಯ ಜಾಗ ಎಂದೇ ತಿಳಿದಿದ್ದರು.

ಇನ್ನು ಪದದ ಒಳಗೆ ಹೋಗೋಣ. ಹೀಬ್ರೂ ಬರಹದಲ್ಲಿ ಮೊದಲು ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. ಈ ಪದ ತ್ಸ, ಲ, ಮ, ವ, ತ ಎಂಬ ಐದು ಅಕ್ಷರ ಅಷ್ಟೇ. ಸ್ವರದ ಚುಕ್ಕೆಗಳನ್ನು ಹಾಕಿದ್ದು ಮಸೊರೆಟರು ಎಂಬ ಪಂಡಿತರು, ಕ್ರಿಸ್ತಶಕ ಮೊದಲ ಸಾವಿರ ವರ್ಷದ ಕೊನೆಯ ಶತಮಾನಗಳಲ್ಲಿ. ನಡುವಿನ 'ವ' ಅಕ್ಷರವನ್ನೇ 'ಊ' ಸ್ವರಕ್ಕೂ ಬಳಸುತ್ತಾರೆ. ಹಾಗಾಗಿ ಇದೇ ಐದು ಅಕ್ಷರಗಳನ್ನು 'ತ್ಸಲ್ಮೂತ್' ಎಂದೂ ಓದಬಹುದು. ಕೊನೆಯ 'ಊತ್' ನಮ್ಮ 'ತನ' ಇದ್ದ ಹಾಗೆ. 'ಮೆಲೆಖ್' ಅಂದರೆ ದೊರೆ, 'ಮಲ್ಖೂತ್' ಅಂದರೆ ದೊರೆತನ. ಹಾಗೆಯೇ ತ್ಸ-ಲ-ಮ ಎಂಬ ಬೇರಿಗೆ ಕಪ್ಪು ಎಂಬ ಅರ್ಥ ಇದ್ದರೆ ತ್ಸಲ್ಮೂತ್ ಅಂದರೆ ಕಪ್ಪುತನ, ಕತ್ತಲೆ.

ಆ ಬೇರು ಇದೆಯೇ? ಅಕ್ಕಪಕ್ಕದ ಭಾಷೆಗಳಲ್ಲಿ ಧಾರಾಳವಾಗಿ ಇದೆ. ಅರಬಿಯಲ್ಲಿ 'ಜುಲ್ಮಾ' ಅಂದರೆ ಕತ್ತಲೆ. ಅದೇ ಮೂರು ಅಕ್ಷರಗಳಿಂದ ಬಂದ 'ಜುಲ್ಮ್' ಅಂದರೆ ಅನ್ಯಾಯ. ನಮ್ಮ ಕನ್ನಡದ 'ಜುಲುಮೆ' ಅಲ್ಲಿಂದಲೇ ಬಂದಿದ್ದು. ಇಥಿಯೋಪಿಯಾದ ಹಳೆಯ ಗೇಜ್ ಭಾಷೆಯಲ್ಲೂ ಕತ್ತಲೆಗೆ ಇದೇ ಬೇರಿನ ಪದ. ಬಾಬಿಲೋನಿನ ಅಕ್ಕಾಡಿಯನ್ ಭಾಷೆಯಲ್ಲಿ 'ತ್ಸಲ್ಮು' ಅಂದರೆ ಕಪ್ಪು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನನಗೆ ಬಹಳ ಇಷ್ಟವಾದ ಸಾಕ್ಷಿ ಇದೇ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಬಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನು ಕೆತ್ತಿದ ಕಪ್ಪು ಕಲ್ಲು ಇದೆ. ಸುಮಾರು 3,700 ವರ್ಷ ಹಳೆಯದು. ಶುರುವಿನಲ್ಲಿ ಅವನು ಜನರನ್ನು 'ಕರಿತಲೆಯವರು' ಎಂದು ಕರೆಯುತ್ತಾನೆ. ಆ ಮಾತಿನಲ್ಲಿ ಇರುವುದು ತ್ಸ-ಲ-ಮ ಬೇರು. ಕೊನೆಯಲ್ಲಿ 'ನನ್ನ ಒಳ್ಳೆಯ ನೆರಳು ನನ್ನ ಊರಿನ ಮೇಲೆ ಹರಡಿದೆ' ಎನ್ನುತ್ತಾನೆ. ಅಲ್ಲಿ ಇರುವುದು 'ತ್ಸಿಲ್ಲು', ಹೀಬ್ರೂ ತ್ಸೇಲ್‌ನ ಒಡಹುಟ್ಟು. ಅರಬಿಯ 'ಜಿಲ್' ಕೂಡ ಅದೇ ಮನೆಯದು. ಮೊಗಲ್ ದೊರೆಗಳ 'ಜಿಲ್-ಎ-ಇಲಾಹಿ' ಎಂಬ ಬಿರುದಿನಲ್ಲಿ, ಅಂದರೆ ದೇವರ ನೆರಳು ಎಂಬಲ್ಲಿ, ಇರುವುದು ಆ ಜಿಲ್. ಒಂದೇ ಕಲ್ಲಿನ ಮೇಲೆ ಎರಡೂ ಪದಗಳಿವೆ. ಒಂದು ಕಪ್ಪು, ಇನ್ನೊಂದು ನೆರಳು. ಆ ಜನ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದರು.

ಇನ್ನೊಂದು ತೊಡಕು ಇದೆ. ಕನ್ನಡದಲ್ಲಿ ನಾವು ಹೆಬ್ಬಾಗಿಲು, ಮಳೆಗಾಲ ಅಂತ ಸಲೀಸಾಗಿ ಪದ ಕೂಡಿಸುತ್ತೇವೆ. ಹೀಬ್ರೂ ಹಾಗೆ ಮಾಡುವುದು ಬಹಳ ಕಡಿಮೆ. ಊರು, ಜನರ ಹೆಸರುಗಳಲ್ಲಿ ಮಾಡುತ್ತದೆ, ಸಾಮಾನ್ಯ ಪದಗಳಲ್ಲಿ ಅಪರೂಪ. 'ರೆಕ್ಕೆಗಳ ನೆರಳು', 'ತೊಲೆಯ ನೆರಳು' ಎಲ್ಲವೂ ಎರಡೆರಡು ಪದಗಳು. ಸಾವಿನ ನೆರಳು ಮಾತ್ರ ಅಂಟಿಕೊಂಡು ಒಂದೇ ಪದ ಆಗಿದ್ದು ಯಾಕೆ?

ಇದನ್ನು ಇವತ್ತಿನ ವಿದ್ವಾಂಸರೇ ಮೊದಲು ಹೇಳಿದ್ದು ಎಂದು ತಿಳಿಯಬೇಡಿ. 11ನೇ ಶತಮಾನದ ರಾಶಿ ಯೆಹೂದ್ಯರ ಬಹು ದೊಡ್ಡ ವ್ಯಾಖ್ಯಾನಕಾರ. 23ನೇ ಕೀರ್ತನೆಗೆ ಬರೆಯುವಾಗ 'ಕತ್ತಲೆಯ ನಾಡು' ಎಂದೇ ಅರ್ಥ ಹೇಳಿ, ತನಗಿಂತ ನೂರು ವರ್ಷ ಹಿಂದಿನ ದುನಾಶ್ ಬೆನ್ ಲಬ್ರಾತ್‌ನ ಮಾತನ್ನು ನೆನೆಯುತ್ತಾನೆ. ತ್ಸಲ್ಮಾವೆತ್ ಎಲ್ಲೇ ಬಂದರೂ ಕತ್ತಲೆಯೇ ಎಂದು ಅವನ ಮಾತು. ದುನಾಶ್‌ಗೆ ಅರಬಿ ಚೆನ್ನಾಗಿ ಬರುತ್ತಿತ್ತು. ಗ್ರೀಕಿಗೆ ತಂದವರ ಶ್ರದ್ಧೆ ದೊಡ್ಡದೇ, ಆದರೆ ಕಿವಿಗೆ ಕೇಳಿಸಿದ್ದನ್ನು ಅವರು ಹಾಗೇ ಒಡೆದು ಬರೆದರು. 'ಸಾವಿನ ನೆರಳು' ಬೇಕೇ ಬೇಕು ಎನ್ನುವ ನಮ್ಮವರಲ್ಲಿ ಹಲವರಿಗೆ ನಿಜವಾಗಿ ಬೇಕಿರುವುದು ಹಳೇ ಇಂಗ್ಲಿಷಿನ ಆ ಲಯ.

ನಡುದಾರಿ ಹಿಡಿದವರೂ ಇದ್ದಾರೆ. ಬ್ರಿಟನ್ನಿನ ಹೀಬ್ರೂ ವಿದ್ವಾಂಸ ಡಿ. ವಿಂಟನ್ ಥಾಮಸ್ 1962ರಲ್ಲಿ ಒಂದು ಲೇಖನ ಬರೆದರು. ಪದದಲ್ಲಿ ನೆರಳೂ ಇದೆ, ಸಾವೂ ಇದೆ. ಆದರೆ ಇಲ್ಲಿ ಸಾವು ಅಂದರೆ 'ವಿಪರೀತ' ಎಂದಷ್ಟೇ ಎಂದರು. ನಾವು 'ಸಾಯುವಷ್ಟು ಹಸಿವು', 'ಕೊಲ್ಲುವ ಚಳಿ' ಅನ್ನುವ ಹಾಗೆ. ಹೀಬ್ರೂ ಭಾಷೆಯಲ್ಲೂ ಇದು ಉಂಟು. ತನಗೆ ನೆರಳು ಕೊಟ್ಟ ಗಿಡ ಬಾಡಿದಾಗ ಪ್ರವಾದಿ ಯೋನ 'ಸಾಯುವಷ್ಟು ಸಿಟ್ಟು' ಎನ್ನುತ್ತಾನೆ. ಇದನ್ನು ಒಪ್ಪಿದರೂ ಕೊನೆಗೆ ಸಿಗುವ ಅರ್ಥ ಗಾಢವಾದ ಕತ್ತಲೆಯೇ.

ಕೀರ್ತನೆಯನ್ನೇ ನೋಡಿ. ಅದು ಕುರುಬನ ಹಾಡು. ಹಸಿರು ಹುಲ್ಲು, ನೀರು, ದಾರಿ, ಆಮೇಲೆ ಈ ಕಮರಿ. ಯೂದಾಯದ ಬೆಟ್ಟಗಳಲ್ಲಿ ಹಗಲಲ್ಲೂ ಬಿಸಿಲು ತಾಗದ ಆಳವಾದ ಕಮರಿಗಳಿವೆ. ಅಲ್ಲಿ ಮಂದೆಯನ್ನು ದಾಟಿಸುವಾಗ ಕುರುಬನ ಕೈಯಲ್ಲಿ ದೊಣ್ಣೆ ಬೇಕು, ಕೋಲು ಬೇಕು. ಮುಂದಿನ ಸಾಲಿನಲ್ಲಿ ಅವೇ ಬರುತ್ತವೆ. ಕುರಿಗೆ ಹೆದರಿಕೆ ಆಗುವುದು ಕಾಣದೆ ಇರುವುದರಿಂದ. ಹೀಬ್ರೂ ಬೈಬಲಿನಲ್ಲಿ ನೆರಳು ಬಹಳ ಕಡೆ ತಂಪು, ಆಸರೆ. ಅಷ್ಟು ಬಿಸಿಲಿನ ನಾಡಿನಲ್ಲಿ ನೆರಳು ಕಂಡರೆ ಕುರಿಗೂ ಕುರುಬನಿಗೂ ಸಂತೋಷವೇ.

ಕೊನೆಯದಾಗಿ ನಮ್ಮ ಪದದ ಬಗ್ಗೆ. 'ಕಾರ್' ಅಂದರೆ ಕಪ್ಪು, ಅದರ ಜೊತೆ ಕತ್ತಲು ಸೇರಿ ಕಾರ್ಗತ್ತಲು. ತ್ಸ-ಲ-ಮ ಎಂಬ ಬೇರಿಗೂ ಕಪ್ಪು ಎಂದೇ ಅರ್ಥ. ಆ ಬೇರಿಗೆ ಇಷ್ಟು ಹತ್ತಿರದ ಪದ ಕನ್ನಡದಲ್ಲಿ ಬೇರೆ ಇಲ್ಲ. ನಾನು ಹುಟ್ಟಿದ್ದು ತೀರ್ಥಹಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಜುಲೈ ತಿಂಗಳಲ್ಲಿ ಕರೆಂಟು ಹೋದರೆ ಅಂಗಳದಲ್ಲಿ ಮುಖದ ಮುಂದೆ ಹಿಡಿದ ಕೈಯೂ ಕಾಣುತ್ತಿರಲಿಲ್ಲ. "ಕಾರ್ಗತ್ತಲು, ಹೊರಗೆ ಕಾಲಿಡಬೇಡ" ಎಂದು ಅಜ್ಜ ಕೂಗುತ್ತಿದ್ದರು. ಆ ಪದ ಕೇಳಿದರೆ ಈಗಲೂ ಮೈ ಜುಂ ಎನ್ನುತ್ತದೆ. ಅದರಲ್ಲಿ ಭಯ ಕಡಿಮೆ ಇದೆ ಎಂದು ಯಾರೂ ಹೇಳಬಾರದು.

ನನ್ನ ಒಪ್ಪಿಗೆ ಅರ್ಧಕ್ಕೆ ನಿಲ್ಲುವುದು ಒಂದೇ ಕಡೆ. ಜನ ಈ ಪದದಲ್ಲಿ ಸಾವನ್ನು ಕೇಳಿಸಿಕೊಂಡು ಎರಡು ಸಾವಿರ ವರ್ಷ ಕಳೆದಿದೆ. ಹಾಗೆ ಕೇಳಿಸಿಕೊಂಡು ಸಮಾಧಾನ ಪಟ್ಟವರಿಗೆ ನೀವು ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇಂಗ್ಲಿಷಿನ ಎನ್‌ಐವಿ (ನ್ಯೂ ಇಂಟರ್ನ್ಯಾಷನಲ್ ವರ್ಷನ್) ಬೈಬಲಿನಲ್ಲಿ 1978ರಲ್ಲಿ ಮೇಲೆ ಸಾವಿನ ನೆರಳು ಇತ್ತು, ಅಡಿಟಿಪ್ಪಣಿಯಲ್ಲಿ ಕತ್ತಲೆಯ ಕಣಿವೆ. 2011ರಲ್ಲಿ ಎರಡನ್ನೂ ಅದಲು ಬದಲು ಮಾಡಿದರು. ಕನ್ನಡದ ಪುಟದ ಕೆಳಗೂ ಒಂದು ಸಾಲಿಗೆ ಜಾಗ ಇದೆ. ಮೇಲೆ ಕಾರ್ಗತ್ತಲು ಇರಲಿ, ಕೆಳಗೆ ಸಣ್ಣ ಅಕ್ಷರದಲ್ಲಿ 'ಅಥವಾ, ಸಾವಿನ ನೆರಳು' ಎಂದಿರಲಿ. ಮುಂದಿನ ಸಲ ಅಚ್ಚು ಹಾಕುವಾಗ ಅಷ್ಟನ್ನು ಸೇರಿಸಿ ಎಂದು ನಾನೇ ಕಾಗದ ಬರೆದು ಕೇಳುತ್ತೇನೆ.